ಪ್ಲಾಸ್ಟಿಕ್ ಗಾಲಿ ಬಿಸಾಡೋ ಮುಂಚೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ, ಹಿರಿಯೂರಿನಿಂದ ಭಾನುವಾರದ ನಿದ್ದೆ ಬಿಟ್ಟು ಚಿತ್ರದುರ್ಗಕ್ಕೆ ಬಂದಿದ್ದೀರಿ, ಅದಕ್ಕೆ ಪೀಠಿಕೆ ಬೇಡ. ಆರ್‌ಸಿ ರಾಕ್ ಕ್ರಾಲರ್, ಅಂದರೆ ರಿಮೋಟ್‌ನಿಂದ ಬಂಡೆ ಹತ್ತಿಸೋ ಆಟದ ಗಾಡಿ, ಕೊಂಡವರು ಮೊದಲು ದುಡ್ಡು ಹಾಕೋದು ಅಲ್ಯೂಮಿನಿಯಂ ಗಾಲಿಗೆ. ನೋಡೋಕೆ ಚಂದ, ಒಪ್ಪಿದೆ. ಆದರೆ ಗಾಡಿ ಜೊತೆ ಬಂದ ಪ್ಲಾಸ್ಟಿಕ್ ಗಾಲಿಯನ್ನೇ ಸರಿಯಾಗಿ ರಿಪೇರಿ ಮಾಡಿ, ಒಳಗೆ ತೂಕ ಕೂರಿಸಿದರೆ ಬಂಡೆ ಹತ್ತೋ ಕೆಲಸ ಅದರಲ್ಲೇ ಆಗುತ್ತದೆ. ನನ್ನ ವಾದ ಇಷ್ಟೇ.

ಮೊದಲು ಗಾಲಿ ಎಲ್ಲಿ ಹಾಳಾಗುತ್ತದೆ ಅಂತ ನೋಡೋಣ. ಕ್ರಾಲರ್ ನಿಧಾನದ ಗಾಡಿ. ಗೇರುಗಳು ಮೋಟರಿನ ವೇಗವನ್ನೆಲ್ಲ ಇಳಿಸಿ ಎಳೆತವಾಗಿ ಮಾಡಿ ಆಕ್ಸಲ್‌ಗೆ ಕೊಡುತ್ತವೆ. ಟೈರು ಎರಡು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಾಗ ಆ ಎಳೆತವೆಲ್ಲ ಬಂದು ಬೀಳೋದು ಗಾಲಿಯ ಹಿಂಭಾಗದಲ್ಲಿರುವ ಆರು ಮೂಲೆಯ ಗುಂಡಿಯ ಮೇಲೆ, ಅಂದರೆ ಆಕ್ಸಲ್ ತುದಿಯ ಆರು ಮೂಲೆಯ ಬಿಲ್ಲೆ, ಹೆಕ್ಸ್, ಕೂರುವ ಜಾಗದ ಮೇಲೆ. ನಟ್ಟು ಗಾಲಿಯನ್ನು ಹಿಡಿದಿಡುತ್ತದೆ ಅಷ್ಟೆ, ತಿರುಗಿಸೋದು ಹೆಕ್ಸ್. ನಟ್ಟು ಸ್ವಲ್ಪ ಸಡಿಲ ಇದ್ದರೂ ಮುಂದೆ ಹಿಂದೆ ಮಾಡಿದಾಗಲೆಲ್ಲ ಹೆಕ್ಸ್ ಆ ಮೂಲೆಗಳಿಗೆ ಹೊಡೆಯುತ್ತಾ ಹೋಗಿ, ಸವೆದ ಸ್ಪಾನರ್ ಬೋಲ್ಟಿನ ತಲೆ ತಿಂದ ಹಾಗೆ, ಕೊನೆಗೆ ಗುಂಡಿ ದುಂಡಗಾಗುತ್ತದೆ. ಆಮೇಲೆ ಆಕ್ಸಲ್ ತಿರುಗುತ್ತದೆ, ಗಾಲಿ ನಿಂತಲ್ಲೇ ಇರುತ್ತದೆ.

1/10 ಅಳತೆಯ, ಅಂದರೆ ನಿಜವಾದ ಗಾಡಿಯ ಹತ್ತನೇ ಒಂದರಷ್ಟಿರುವ ಕ್ರಾಲರ್‌ಗಳಲ್ಲಿ ಈ ಹೆಕ್ಸ್ ಸಾಮಾನ್ಯವಾಗಿ 12 ಮಿ.ಮೀ., ರಿಮ್ 1.9 ಅಥವಾ 2.2 ಇಂಚು. ಆಕ್ಸಿಯಲ್ ಕಂಪನಿಯ ಎಸ್‌ಸಿಎಕ್ಸ್24 ತರದ ಪುಟ್ಟ ಗಾಡಿಗೆ 7 ಮಿ.ಮೀ. ಅಗ್ಗದ ಆಟಿಕೆ ಕ್ರಾಲರ್ ಆದರೆ ಕ್ಯಾಲಿಪರ್ ಹಿಡಿದು ಅಳೆಯಿರಿ, ಡಬ್ಬದ ಮೇಲಿನ ಚಿತ್ರ ನಂಬಬೇಡಿ.

ಇನ್ನು ರಿಪೇರಿ. ಪ್ಲಾಸ್ಟಿಕ್ ಯಾವುದು ಅಂತ ತಿಳಿಯದೆ ಅಂಟು ಹಚ್ಚಬೇಡಿ. ಎಷ್ಟೋ ಗಾಲಿಗಳ ಒಳಗೆ ಎಬಿಎಸ್ ಅಥವಾ ಪಿಎ ಅಂತ ಅಚ್ಚಿನಲ್ಲೇ ಬರೆದಿರುತ್ತದೆ. ಪಿಎ ಅಂದರೆ ನೈಲಾನ್. ಏನೂ ಬರೆದಿಲ್ಲವಾ? ಒಳಗೆ ಕಾಣದ ಜಾಗಕ್ಕೆ ಒಂದು ಹನಿ ಅಸಿಟೋನ್ ಹಾಕಿ. ಎಬಿಎಸ್ ಮೆತ್ತಗಾಗಿ ಜಿಗುಟಾಗುತ್ತದೆ, ನೈಲಾನ್ ಅಲ್ಲಾಡೋದಿಲ್ಲ.

ಎಬಿಎಸ್ ಆದರೆ ಕೆಲಸ ಸುಲಭ. ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ ಗಟ್ಟಿ ಪೇಸ್ಟ್ ಮಾಡಿ ಬಿರುಕಿಗೆ ತುಂಬಿ, ಒಂದು ದಿನ ಒಣಗಲು ಬಿಡಿ. ನೈಲಾನ್ ಹಟಮಾರಿ. ಫೆವಿಕ್ವಿಕ್ ಹಾಕಿದರೆ ಹಿಡಿದ ಹಾಗೆ ಕಾಣುತ್ತದೆ, ಮೊದಲ ಬಂಡೆಗೇ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಬಿಸಿ ಬೇಕು. ಮೊದಲು ಬಿರುಕಿನ ತುದಿಯಲ್ಲಿ 1 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ನೀವು ಈ ಕಡೆ ಮುಚ್ಚುತ್ತಿದ್ದರೆ ಅದು ಆ ಕಡೆ ಓಡುತ್ತಿರುತ್ತದೆ. ಆಮೇಲೆ ಸೋಲ್ಡರಿಂಗ್ ಐರನ್‌ನಿಂದ ಬಿರುಕಿನ ಉದ್ದಕ್ಕೂ ಗೀರಿ, ಒಳಗೆ ಕೇಬಲ್ ಟೈ ಕರಗಿಸಿ ತುಂಬಿ. ಕೇಬಲ್ ಟೈ ಕೂಡ ನೈಲಾನೇ, ಅದಕ್ಕೇ ಒಂದಕ್ಕೊಂದು ಬೆರೆಯುತ್ತವೆ. ಬಿರುಕಿಗೆ ಅಡ್ಡವಾಗಿ ಒಂದೆರಡು ಸ್ಟೇಪ್ಲರ್ ಪಿನ್ ಒತ್ತಿಬಿಟ್ಟರೆ ಇನ್ನೂ ಗಟ್ಟಿ. ಹೊಗೆ ಒಳ್ಳೇದಲ್ಲ, ಕಿಟಕಿ ತೆಗೆದಿಡಿ.

ಹೆಕ್ಸ್ ಗುಂಡಿ ದುಂಡಗಾಗಿದ್ದರೆ ಇನ್ನೊಂದು ಉಪಾಯ. ಲೋಹದ ಹೊಸ 12 ಮಿ.ಮೀ. ಹೆಕ್ಸ್‌ಗೆ ಅಂಟು ಹಿಡಿಯದಿರಲಿ ಅಂತ ವ್ಯಾಸಲಿನ್ ಸವರಿ. ಸವೆದ ಗುಂಡಿಯ ಗೋಡೆಯನ್ನು ಮರಳು ಕಾಗದದಿಂದ ಒರಟು ಮಾಡಿ, ಅಲ್ಲಲ್ಲಿ ಚಿಕ್ಕ ತೂತು ಕೊರೆದು ಅರಾಲ್ಡೈಟ್ ತುಂಬಿ, ಹೆಕ್ಸ್ ನೆಟ್ಟಗೆ ಒತ್ತಿ, 24 ಗಂಟೆ ಮುಟ್ಟಬೇಡಿ. ಅರಾಲ್ಡೈಟ್ ನೈಲಾನ್‌ಗೆ ಅಷ್ಟಾಗಿ ಅಂಟುವುದಿಲ್ಲ, ಆ ತೂತುಗಳಲ್ಲಿ ಬೇರು ಬಿಟ್ಟರೇ ನಿಲ್ಲೋದು. ಬೇಗ ಗಟ್ಟಿಯಾಗೋ ಜಾತಿಯದ್ದು ತರಬೇಡಿ, ನಿಧಾನದ್ದೇ ಗಟ್ಟಿ. ಗಾಡಿಯಲ್ಲಿ ಬಂದ ಪ್ಲಾಸ್ಟಿಕ್ ಹೆಕ್ಸ್ ಅನ್ನು ಮಾತ್ರ ಮುಲಾಜಿಲ್ಲದೆ ತೆಗೆದು ಲೋಹದ್ದು ಹಾಕಿ. ದುಡ್ಡು ಖರ್ಚು ಮಾಡಲೇಬೇಕಾದ ಜಾಗ ಅದು.

ಟೈರು ರಿಮ್‌ಗೆ ಅಂಟಿಸಿ ಬಂದಿದ್ದರೆ ಬಿಡಿಸೋದು ಹೇಗೆ ಅಂತ ಸುಮಾರು ಜನ ಕೇಳಿದ್ದಾರೆ. ಕುದಿಯುವ ನೀರಲ್ಲಿ ಹಾಕಿ, ಅಂಟು ಸಡಿಲವಾದಾಗ ಕೈಗವಸು ಹಾಕಿಕೊಂಡು ನಿಧಾನಕ್ಕೆ ಸುಲಿಯಿರಿ. ಅಡುಗೆ ಪಾತ್ರೆ ಬೇಡ. ನೈಲಾನ್‌ಗೆ ಈ ಕುದಿ ಇನ್ನೊಂದು ಉಪಕಾರವನ್ನೂ ಮಾಡುತ್ತದೆ, ಯಾಕಂದ್ರೆ ಅದು ನೀರು ಹೀರಿಕೊಳ್ಳುವ ಪ್ಲಾಸ್ಟಿಕ್, ತೀರಾ ಒಣಗಿದರೆ ಪಟ್ ಅಂತ ಒಡೆಯುತ್ತದೆ, ತೇವ ಸೇರಿದರೆ ಬಾಗಿ ತಡೆದುಕೊಳ್ಳುತ್ತದೆ. ನಮ್ಮದು ಒಣ ಸೀಮೆ, ಮಾರ್ಚ್ ಏಪ್ರಿಲ್ ಬಿಸಿಲು ನಿಮಗೇ ಗೊತ್ತು.

ಬಿಡಿಸಿದ ಮೇಲೆ ಮತ್ತೆ ಅಂಟಿಸಬೇಡಿ, ಬೀಡ್‌ಲಾಕ್ ಮಾಡಿ. ಟೈರಿನ ಅಂಚನ್ನು ಒಂದು ರಿಂಗು ಸ್ಕ್ರೂಗಳಿಂದ ಒತ್ತಿ ಹಿಡಿಯೋ ವ್ಯವಸ್ಥೆ ಅದು. ರಿಂಗನ್ನು ಲೇತ್‌ನವರ ಹತ್ತಿರ ಅಲ್ಯೂಮಿನಿಯಂ ತಗಡಿನಲ್ಲಿ ಮಾಡಿಸಬಹುದು. 3ಡಿ ಪ್ರಿಂಟ್ ಮಾಡೋ ಕಾಲೇಜು ಹುಡುಗರೇ, ಪಿಎಲ್‌ಎ ಪ್ಲಾಸ್ಟಿಕ್ ಬೇಡ. 60 ಡಿಗ್ರಿ ಆಸುಪಾಸಿನಲ್ಲೇ ಅದು ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ರಿಂಗು ಸೊಟ್ಟಗಾಗುತ್ತದೆ. ಪಿಇಟಿಜಿ ಬಳಸಿ. ಸ್ಕ್ರೂಗಳನ್ನು ಸಾಲಾಗಿ ಬಿಗಿಯಬೇಡಿ, ಎದುರುಬದುರಾಗಿ ಬಿಗಿಯಿರಿ.

ಈಗ ತೂಕ. ಕಡಿದಾದ ಬಂಡೆ ಹತ್ತುವಾಗ ಭಾರವೆಲ್ಲ ಹಿಂದಿನ ಗಾಲಿಗೆ ಜಾರುತ್ತದೆ, ಮೂತಿ ಎದ್ದು ಗಾಡಿ ಬೆನ್ನ ಮೇಲೆ ಬೀಳುತ್ತದೆ. ಮುಂದಿನ ಗಾಲಿಗಳ ಒಳಗೆ ಭಾರ ಇಟ್ಟರೆ ಅದು ಸಸ್ಪೆನ್ಷನ್‌ಗಿಂತ ಕೆಳಗೆ, ನೆಲಕ್ಕೆ ಹತ್ತಿರ ಕೂತಿರುತ್ತದೆ. ಪೇಟೆಯಲ್ಲಿ ಇದಕ್ಕೆ ಹಿತ್ತಾಳೆ ರಿಂಗ್ ಸಿಗುತ್ತದೆ, ದುಬಾರಿ. ನಮ್ಮ ಊರಿನ ಹೈವೇ ಮೇಲೆ ಇಷ್ಟೊಂದು ಟೈರ್ ಅಂಗಡಿಗಳಿವೆ, ಅಲ್ವಾ? ಕಾರಿನ ಗಾಲಿ ಬ್ಯಾಲೆನ್ಸ್ ಮಾಡೋಕೆ ಬಳಸುವ ಅಂಟುಪಟ್ಟಿಯ ತೂಕ ಕೇಳಿ, 5 ಮತ್ತು 10 ಗ್ರಾಂ ತುಂಡುಗಳಲ್ಲಿ ಬರುತ್ತದೆ. ರಿಮ್ಮಿನ ಸುತ್ತ ಸಮನಾಗಿ ಅಂಟಿಸಿ, ಮೇಲೆ ಟೇಪ್ ಸುತ್ತಿ, ಫೋಮ್ ಹಾಕಿ ಟೈರು ಮುಚ್ಚಿ. ಸೀಸದ್ದಾದರೆ ಕೈ ತೊಳೆಯದೆ ಮಂಡಕ್ಕಿಗೆ ಕೈ ಹಾಕಬೇಡಿ.

ಎಷ್ಟು ಹಾಕಬೇಕು? 1/10 ಗಾಡಿಗೆ ಮುಂದಿನ ಒಂದೊಂದು ಗಾಲಿಗೆ 50 ಗ್ರಾಂನಿಂದ ಶುರು ಮಾಡಿ, ಹಿಂದೆ ಅದರರ್ಧ ಅಥವಾ ಏನೂ ಬೇಡ. ಜಾಸ್ತಿ ಹಾಕಿದರೆ ಸ್ಟೀರಿಂಗ್ ಸರ್ವೊ, ಅಂದರೆ ಗಾಲಿಯನ್ನು ಎಡಕ್ಕೆ ಬಲಕ್ಕೆ ಹೊರಳಿಸೋ ಪುಟ್ಟ ಮೋಟರು, ಒದ್ದಾಡುತ್ತದೆ, ಆಕ್ಸಲ್ ಕೀಲುಗಳು ಸವೆಯುತ್ತವೆ.

ರಿಮ್‌ಗೆ ಒಂದೆರಡು ಸಣ್ಣ ತೂತು ಇರಲಿ. ಈ ಟೈರುಗಳಿಗೆ ಗಾಳಿ ತುಂಬುವುದಿಲ್ಲ, ಒಳಗಿನ ಗಾಳಿ ಹೊರಗೆ ಹೋದರೇ ರಬ್ಬರು ಕಲ್ಲಿನ ಆಕಾರಕ್ಕೆ ಕೂರೋದು. ಹಳ್ಳ ದಾಟಿಸಿದರೆ ನೀರೂ ಒಳಗೆ ಹೋಗುತ್ತದೆ. ಬೀಡ್‌ಲಾಕ್ ಇದ್ದರೆ ಬಿಚ್ಚಿ ಒಣಗಿಸೋದು ದೊಡ್ಡ ಕೆಲಸವಲ್ಲ.

ಓಡಿಸೋದೆಲ್ಲಿ ಅನ್ನೋ ಪ್ರಶ್ನೆ ಬಂದಿದೆ. ಕೋಟೆಯೊಳಗೆ ಬೇಡ, ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ಅಲ್ಲಿನ ಗೋಡೆ ಹತ್ತೋಕೆ ಜ್ಯೋತಿರಾಜ್ ಇದ್ದಾರೆ, ಸಾಕು. ಜೋಗಿಮಟ್ಟಿ ವನ್ಯಧಾಮ, ಅಲ್ಲೂ ಬೇಡ. ಹೊಲದ ಬದುವಿನ ಬಂಡೆಗಳೇ ಬೇಕಾದಷ್ಟಿವೆ, ಹೊಲದವರನ್ನು ಒಂದು ಮಾತು ಕೇಳಿ.

ಊಟಕ್ಕೆ ಮುಂಚೆ ಇಲ್ಲಿ ಹಿಂದಿರೋ ಬಂಡೆ ಮೇಲೆ ತೂಕ ಹಾಕಿದ ಗಾಡಿ, ಹಾಕದ ಗಾಡಿ ಎರಡನ್ನೂ ಹತ್ತಿಸಿ ನೋಡೋಣ. ಮುರಿದ ಗಾಲಿ ತಂದವರು ಈ ಮೇಜಿನ ಹತ್ತಿರ ಬನ್ನಿ, ಸೋಲ್ಡರಿಂಗ್ ಐರನ್ ಕಾದಿದೆ.