ಸಂಸ್ಕಾರ ಕೊಟ್ಟವರು ನೀವಿಬ್ಬರೇ

ವಂದನೀಯ ಗುರುಗಳೇ, ಸೋದರ ಸೋದರಿಯರೇ,

ದಂಪತಿಗಳ ಸಭೆಯನ್ನು ಜುಲೈ ತಿಂಗಳಲ್ಲಿ ಕರೆದವರು ಜಾಣರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲರುಗಳಿಗೆ ಮೀನುಗಾರಿಕೆ ನಿಷೇಧ. ನಮ್ಮ ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟುಗಳು ಕಟ್ಟಿಕೊಂಡಿವೆ, ಗಂಡಸರು ಮನೆಯಲ್ಲಿದ್ದಾರೆ. ಹೆಂಗಸರು ನಗುತ್ತಿದ್ದೀರಿ, ಯಾಕೆಂದು ನನಗೆ ಗೊತ್ತು. ಉಳಿದ ಹತ್ತು ತಿಂಗಳು ರೇಷನ್, ಶಾಲೆಯ ಶುಲ್ಕ, ಸಂಘದ ಕಂತು ಎಲ್ಲವನ್ನೂ ನೀವೇ ನಿಭಾಯಿಸಿರುತ್ತೀರಿ. ಈಗ ಈತ ಬಂದು ಡಬ್ಬಿಯ ಮುಚ್ಚಳ ತೆಗೆದು 'ಸಕ್ಕರೆ ಇಷ್ಟು ಬೇಗ ಹೇಗೆ ಮುಗಿಯಿತು' ಎಂದು ವಿಚಾರಣೆ ಶುರುಮಾಡುತ್ತಾನೆ. ನಾನು ಬೋಟಿನವನಲ್ಲ, ಕಚೇರಿಯವನು. ಆದರೂ ನಿವೃತ್ತಿಯಾದ ಮೊದಲ ತಿಂಗಳೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟು, ಎರಡು ದಿನ ಮಾತಿಲ್ಲದ ಊಟ ಉಂಡವನು.

ಇವತ್ತಿನ ನನ್ನ ಮಾತು ಮದುವೆಯೆಂಬ ದೈವಕರೆಯ ಬಗ್ಗೆ. ದೈವಕರೆ, ಅಂದರೆ ದೇವರು ಒಬ್ಬರನ್ನು ಒಂದು ಬಾಳಿಗೆ ಕರೆಯುವುದು, ಎಂದೊಡನೆ ನಮ್ಮ ಕಣ್ಣು ಸೆಮಿನರಿ, ಕಾನ್ವೆಂಟಿನ ಕಡೆ ಹೋಗುತ್ತದೆ. ಮಗ ಗುರುವಾದರೆ ಕರೆ; ಮದುವೆಯಾದರೆ ಬರೀ ಮದುವೆ. ನಮ್ಮ ಕಥೋಲಿಕ ಧರ್ಮಸಭೆ ಹಾಗೆ ಹೇಳುವುದಿಲ್ಲ. ಏಳು ಸಂಸ್ಕಾರಗಳಲ್ಲಿ ಗುರುದೀಕ್ಷೆ ಮತ್ತು ಮದುವೆ ಎರಡನ್ನೂ ಅದು ಒಂದೇ ಸಾಲಿನಲ್ಲಿ ಕೂರಿಸುತ್ತದೆ, ಏಕೆಂದರೆ ಎರಡೂ ಇನ್ನೊಬ್ಬರ ಉದ್ಧಾರಕ್ಕಾಗಿ ಇರುವಂಥವು. ಇನ್ನೊಂದು ಸಂಗತಿ ಹಲವರಿಗೆ ತಿಳಿದಿಲ್ಲ. ನಮ್ಮ ಲತೀನ್ ಸಂಪ್ರದಾಯದಲ್ಲಿ ಮದುವೆಯ ಸಂಸ್ಕಾರವನ್ನು ಕೊಡುವವರು ಗುರುಗಳಲ್ಲ. ವಧು ವರನಿಗೆ ಕೊಡುತ್ತಾಳೆ, ವರ ವಧುವಿಗೆ ಕೊಡುತ್ತಾನೆ. ಗುರುಗಳು ಧರ್ಮಸಭೆಯ ಹೆಸರಿನಲ್ಲಿ ನಿಂತು ಒಪ್ಪಿಗೆ ಕೇಳುತ್ತಾರೆ, ಆಶೀರ್ವದಿಸುತ್ತಾರೆ. ಗುಟ್ಟಿನ ಮದುವೆಗಳ ಹಾವಳಿ ತಡೆಯಲು ಗುರುಗಳೂ ಸಾಕ್ಷಿಗಳೂ ಇರಲೇಬೇಕೆಂದು ಧರ್ಮಸಭೆಯ ಬಿಷಪರು ಸೇರಿದ್ದ ಟ್ರೆಂಟ್ ಮಹಾಸಭೆ ವಿಧಿಸಿದ್ದು 1563ರಲ್ಲಿ. ಅಂದರೆ ಫಾದರ್ ಊಟ ಮುಗಿಸಿ ಹೊರಟುಹೋದರೂ ಸಂಸ್ಕಾರ ಕೊಡುವವರಿಬ್ಬರು ಮನೆಯಲ್ಲೇ ಉಳಿದಿರುತ್ತಾರೆ.

ಫ್ರಾನ್ಸಿನ ಅಲಾಂಸೊನ್ ಊರಿನ ಲೂಯಿ ಮಾರ್ಟಿನ್ ಮತ್ತು ಝೆಲಿಯನ್ನು ನೋಡಿ. ಲಿಸ್ಯೂವಿನ ಸಂತ ತೆರೇಸಾಳ ತಂದೆತಾಯಿ ಎಂದರೆ ಗುರುತು ಸಿಕ್ಕೀತು. ಲೂಯಿಗೆ ಸನ್ಯಾಸಿಯಾಗುವ ಆಸೆಯಿತ್ತು. ಲತೀನ್ ಭಾಷೆ ಬಾರದೆಂದು ಮಠದವರು ವಾಪಸು ಕಳಿಸಿದರು. ಝೆಲಿಗೂ ಕಾನ್ವೆಂಟಿನ ಬಾಗಿಲು ತೆರೆಯಲಿಲ್ಲ. 1858ರಲ್ಲಿ ಮದುವೆಯಾದರು. ಆತ ಗಡಿಯಾರದವನು, ಆಕೆ ಲೇಸ್ ಹೆಣೆಸಿ ಮಾರುವವಳು. ಹೆಂಡತಿಯ ವ್ಯಾಪಾರ ಬೆಳೆದಾಗ ಲೂಯಿ ತನ್ನ ಅಂಗಡಿ ಮಾರಿ ಅವಳ ಲೆಕ್ಕಪತ್ರ, ಓಡಾಟ ನೋಡಿಕೊಂಡ. ನೂರೈವತ್ತು ವರ್ಷಗಳ ಹಿಂದಿನ ಮಾತಿದು. ಇವತ್ತು ನಮ್ಮ ಕಾರವಾರದಲ್ಲಿ ಹೀಗೆ ಮಾಡುವ ಗಂಡಸು ಎಷ್ಟು ಜನರ ಬಾಯಿಗೆ ಬೀಳಬೇಕಾದೀತು! ಒಂಬತ್ತು ಮಕ್ಕಳಲ್ಲಿ ನಾಲ್ವರನ್ನು ಎಳೆತನದಲ್ಲೇ ಮಣ್ಣು ಮಾಡಿದರು. 1877ರಲ್ಲಿ ಸ್ತನ ಕ್ಯಾನ್ಸರಿನಿಂದ ಝೆಲಿ ತೀರಿಕೊಂಡಳು. 2015ರಲ್ಲಿ ಇಬ್ಬರಿಗೂ ಒಟ್ಟಿಗೆ ಸಂತ ಪದವಿ ಸಿಕ್ಕಿತು. ದಂಪತಿಗಳಾಗಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. ಅವರ ಹಬ್ಬ ಜುಲೈ 12, ನಮ್ಮ ಬೋಟುಗಳು ದಡದಲ್ಲಿರುವಾಗಲೇ.

ಒಂದು ಮಾತನ್ನು ಬಿಡಿಸಿಯೇ ಹೇಳಬೇಕು, ಸಭೆಯಲ್ಲಿ ಮುಜುಗರವಾದರೂ ಸರಿ. ಕರೆ ಎಂದರೆ ಕುಡಿದು ಬಂದವನ ಏಟು ತಿನ್ನುವುದಲ್ಲ. 'ನಿನ್ನ ಶಿಲುಬೆ, ಹೊತ್ತುಕೋ' ಎಂದು ಹೆಣ್ಣುಮಗಳನ್ನು ಅದೇ ಮನೆಗೆ ವಾಪಸು ಕಳಿಸುವ ಹಿರಿಯರನ್ನು ನಾನು ಕಂಡಿದ್ದೇನೆ. ಜೀವಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದರೆ ಬೇರೆಯಾಗಿ ವಾಸಿಸಲು ಧರ್ಮಸಭೆಯ ಕಾನೂನೇ ಅವಕಾಶ ಕೊಟ್ಟಿದೆ. 1153ನೆಯ ವಿಧಿ, ಬರೆದುಕೊಳ್ಳಿ.

ಇನ್ನು ಮದುವೆಯ ಪ್ರತಿಜ್ಞೆಯಲ್ಲಿರುವ 'ಆರೋಗ್ಯದಲ್ಲೂ ಅನಾರೋಗ್ಯದಲ್ಲೂ' ಎಂಬ ಮಾತು. ಪೀಠದ ಮುಂದೆ ಅದನ್ನು ಹೇಳುವಾಗ ನನಗೆ ಇಪ್ಪತ್ತೇಳು. ಅನಾರೋಗ್ಯವೆಂದರೆ ಜ್ವರವೆಂದು ತಿಳಿದಿದ್ದೆ. ಅದರ ಅರ್ಥ ಗೊತ್ತಾದದ್ದು ನನ್ನ ಅಪ್ಪನ ಕೊನೆಯ ವರ್ಷಗಳಲ್ಲಿ. ಅವರಿಗೆ ಮರೆವು ಹಿಡಿದಿತ್ತು. ಶನಿವಾರ ಸಂಜೆ ಅಮ್ಮ ಜಗುಲಿಯಲ್ಲಿ ಹಳೆಯ ಪತ್ರಿಕೆ ಹಾಸಿ ಅವರ ಉಗುರು ಕತ್ತರಿಸುತ್ತಿದ್ದಳು, ಮರುದಿನ ಪೂಜೆಗೆ ಹೋಗಬೇಕಲ್ಲ. ಒಮ್ಮೆ ಅಪ್ಪ ಕೈ ಹಿಂದಕ್ಕೆಳೆದುಕೊಂಡು, ಅಪರಿಚಿತರನ್ನು ಮಾತನಾಡಿಸುವ ಮರ್ಯಾದೆಯಲ್ಲಿ ಕೇಳಿದರು: 'ತಾವು ಯಾರ ಮನೆಯವರು?'

ಅಮ್ಮ ತಲೆ ಎತ್ತಲಿಲ್ಲ. 'ಇದೇ ಮನೆಯವಳು. ಆ ಕೈ ಕೊಡಿ' ಎಂದಳು.