ಚಿಟಿಕೆ ಉಪ್ಪಿನಷ್ಟು ಭಾರ

ಕೇಳುಗರಿಗೆ ನಮಸ್ಕಾರ.

ಒಂದು ಕ್ವಿಂಟಲ್ ಭತ್ತದ ಮೂಟೆಯನ್ನು ನೆನಪಿಗೆ ತಂದುಕೊಳ್ಳಿ. ಹೆಚ್ಚುಕಡಿಮೆ ಅಷ್ಟೇ ಭಾರವಿದ್ದ ಫಿಲೆ ಎಂಬ ಯಂತ್ರ ಧೂಮಕೇತುವಿನ ಮೇಲೆ ತೂಗಿದ್ದು ಚಿಟಿಕೆ ಉಪ್ಪಿನಷ್ಟು, ಸುಮಾರು 1 ಗ್ರಾಂ. ಅಲ್ಲಿಯ ಗುರುತ್ವಾಕರ್ಷಣೆ ಅಷ್ಟು ದುರ್ಬಲ. ಅಲ್ಲಿ ಅದು ಪಟ್ಟ ಪಾಡಿಗೆಲ್ಲ ಇದೇ ಮೂಲ.

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ರೊಸೆಟ್ಟಾ ನೌಕೆ ಫಿಲೆಯನ್ನು ಹೊತ್ತುಕೊಂಡು 2004ರ ಮಾರ್ಚ್‌ನಲ್ಲಿ ಹೊರಟಿತು. ಹೋಗಬೇಕಾದ ಊರು 67ಪಿ ಚುರ್ಯುಮೊವ್-ಗೆರಾಸಿಮೆಂಕೊ ಎಂಬ ಧೂಮಕೇತು. ಈ ಹೆಸರನ್ನು ಬೆಳಗಿನಿಂದ ಬಾಯಿಪಾಠ ಮಾಡಿದ್ದೇನೆ. ಇನ್ನು ಮುಂದೆ 67ಪಿ ಎಂದರೆ ಸಾಕು. ಹತ್ತು ವರ್ಷದ ದಾರಿ, ಅದರಲ್ಲಿ 31 ತಿಂಗಳು ನಿದ್ದೆ. 2014ರ ಆಗಸ್ಟ್‌ನಲ್ಲಿ ಹತ್ತಿರ ಹೋಗಿ ನೋಡಿದರೆ, ಎರಡು ಉಂಡೆಗಳನ್ನು ಅಂಟಿಸಿದಂತಿದ್ದ, ಇದ್ದಿಲಿನಷ್ಟು ಕಪ್ಪಾದ, ಸುಮಾರು 4 ಕಿಲೋಮೀಟರ್ ಉದ್ದದ ಗಡ್ಡೆ!

ನವೆಂಬರ್ 12ರಂದು ಫಿಲೆ ನೌಕೆಯಿಂದ ಕಳಚಿಕೊಂಡು ಏಳು ಗಂಟೆ ನಿಧಾನವಾಗಿ ಇಳಿಯಿತು. ನೆಲ ಮುಟ್ಟಿದೊಡನೆ ಎರಡು ಈಟಿಗಳು ಚಿಮ್ಮಿ ನೆಲಕ್ಕೆ ನಾಟಬೇಕಿತ್ತು. ಚಿಮ್ಮಲಿಲ್ಲ. ಮೇಲಿನಿಂದ ಅದುಮಬೇಕಿದ್ದ ಅನಿಲದ ಜೆಟ್ ಮೊದಲೇ ಕೈಕೊಟ್ಟಿತ್ತು. ಫಿಲೆ ಪುಟಿದು ಹೆಚ್ಚುಕಡಿಮೆ ಎರಡು ಗಂಟೆ ತೇಲಿತು, ಮತ್ತೆ ಪುಟಿಯಿತು, ಕಡೆಗೆ ಬಂಡೆಯ ನೆರಳಿನಲ್ಲಿ ಓರೆಯಾಗಿ ಸಿಕ್ಕಿಕೊಂಡಿತು. ಸೌರಫಲಕಗಳಿಗೆ ಬೇಕಾದಷ್ಟು ಬಿಸಿಲಿಲ್ಲ. ಇದ್ದ ಬ್ಯಾಟರಿಯಲ್ಲೇ ಎರಡೂವರೆ ದಿನ ದುಡಿದು, ಮೊದಲ ಹಂತದ ಬಹುಪಾಲು ಕೆಲಸ ಮುಗಿಸಿ ಮಲಗಿತು.

ಸುತ್ತುತ್ತಿದ್ದ ರೊಸೆಟ್ಟಾ ಧೂಮಕೇತುವಿನ ವಾಸನೆಯನ್ನೂ ಹಿಡಿಯಿತು. ಹೈಡ್ರೋಜನ್ ಸಲ್ಫೈಡ್, ಅಮೋನಿಯಾ. ಕೊಳೆತ ಮೊಟ್ಟೆಗೆ ಕುದುರೆ ಲಾಯ ಕೂಡಿದಂತೆ. ಬಾನುಲಿಯಲ್ಲಿ ವಾಸನೆ ಬರುವುದಿಲ್ಲ, ನಿಮ್ಮ ಪುಣ್ಯ. ಅಲ್ಲಿಯ ನೀರಿನಲ್ಲಿ ಭಾರ ಹೈಡ್ರೋಜನ್‌ನ, ಅಂದರೆ ಮಾಮೂಲಿಗಿಂತ ಹೆಚ್ಚು ತೂಗುವ ಹೈಡ್ರೋಜನ್‌ನ, ಪ್ರಮಾಣ ನಮ್ಮ ಕಡಲಿನದಕ್ಕಿಂತ ಮೂರು ಪಟ್ಟು. ನಮ್ಮ ನೀರು ಅಲ್ಲಿಂದ ಬಂದಿದ್ದರೆ ಎರಡೂ ಹೊಂದಬೇಕಿತ್ತು. ಭೂಮಿಯ ಸಮುದ್ರಗಳನ್ನು ತುಂಬಿಸಿದ್ದು ಇಂಥ ಧೂಮಕೇತುಗಳೇ ಎನ್ನುತ್ತಿದ್ದವರು ತಲೆ ಕೆರೆದುಕೊಂಡರು.

ಫಿಲೆ ಬಿದ್ದ ಜಾಗ ಸುಮಾರು ಎರಡು ವರ್ಷ ಯಾರಿಗೂ ಖಚಿತವಾಗಿ ತಿಳಿಯಲಿಲ್ಲ. 2016ರ ಸೆಪ್ಟೆಂಬರ್ 2ರಂದು ತೆಗೆದ ಚಿತ್ರದಲ್ಲಿ ಅದು ಕಂಡಿತು, ಸಂದಿಯೊಂದರಲ್ಲಿ ಕಾಲು ಚಾಚಿಕೊಂಡು. ಅದೇ ತಿಂಗಳ 30ರಂದು ರೊಸೆಟ್ಟಾವನ್ನೂ 67ಪಿ ಮೇಲೆ ಇಳಿಸಿದರು. ನೆಲ ಮುಟ್ಟಿದೊಡನೆ ಅದರ ರೇಡಿಯೊ ನಿಲ್ಲುವಂತೆ ಮೊದಲೇ ಏರ್ಪಾಡು ಮಾಡಿದ್ದರು. ಜರ್ಮನಿಯ ಡಾರ್ಮ್‌ಸ್ಟಾಟ್‌ನ ನಿಯಂತ್ರಣ ಕೊಠಡಿಯಲ್ಲಿ ಎಲ್ಲರ ಕಣ್ಣು ಪರದೆಯ ಮೇಲಿನ ಒಂದೇ ಗೆರೆಯ ಮೇಲೆ. ರೊಸೆಟ್ಟಾದಿಂದ ಹೊರಟು 40 ನಿಮಿಷವಾಗಿದ್ದ ಸಂಕೇತ ಅದು. ಗೆರೆಯ ನಡುವೆ ಎದ್ದು ನಿಂತಿದ್ದ ಮೊನೆ ಇದ್ದಕ್ಕಿದ್ದಂತೆ ಸಪಾಟಾಯಿತು.