ಚಿತ್ರ ನೋಡುವುದೂ ಓದೇ

ಕೇಳುಗರೇ, ನಮಸ್ಕಾರ.

ಮೂರನೇ ಕ್ಲಾಸ್ ದಾಟಿದ ಮಗು ಚಿತ್ರದ ಪುಸ್ತಕ ಹಿಡಿದು ಕೂತರೆ ಮನೆಯಲ್ಲಿ ಒಂದು ಮಾತು ಬಂದೇ ಬರುತ್ತದೆ. "ಇನ್ನೂ ಬೊಂಬೆ ನೋಡ್ತಾ ಕೂತಿದ್ದೀಯಾ? ಅಕ್ಷರ ಇರೋ ಪುಸ್ತಕ ಓದು." ಅಂಗಡಿಯಲ್ಲೂ ಇದೇ ಲೆಕ್ಕ. ಪುಟಕ್ಕೆ ಎರಡೇ ಸಾಲು, ಇದಕ್ಕೆ ಇಷ್ಟು ದುಡ್ಡಾ ಅಂತ ಪುಸ್ತಕವನ್ನು ವಾಪಸ್ ಇಟ್ಟುಬಿಡುತ್ತಾರೆ. ನಾನು ಹಾಸನ ಜಿಲ್ಲೆಯ ಮಲೆನಾಡಿನ ಕಡೆ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುವವಳು. ಈ ಮಾತಿನಿಂದ ಮಕ್ಕಳಿಗೆ ನಿಜವಾಗಿಯೂ ನಷ್ಟವಾಗುತ್ತಿದೆ ಅನ್ನೋದು ನನ್ನ ಅಭಿಪ್ರಾಯ.

ಒಳ್ಳೆಯ ಚಿತ್ರಪುಸ್ತಕ ಒಂದನ್ನು ತೆಗೆದುಕೊಂಡು ಪುಟ ಎಣಿಸಿ ನೋಡಿ. ಬಹಳಷ್ಟು ಪುಸ್ತಕಗಳಲ್ಲಿ 32 ಪುಟ ಇರುತ್ತವೆ, ಇಲ್ಲವೇ 24 ಅಥವಾ 16. ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕಿ, ಮಡಚಿ, ಕತ್ತರಿಸುವುದರಿಂದ ಪುಟಗಳು ಎಂಟರ ಲೆಕ್ಕದಲ್ಲಿ ಬರುತ್ತವೆ. ಅಷ್ಟರಲ್ಲೇ ಕಥೆ ಮುಗಿಯಬೇಕು. ಹಾಗಾಗಿ ಯಾವ ಪುಟ ಮಗುಚಿದಾಗ ಏನು ಕಾಣಬೇಕು ಅನ್ನೋದನ್ನೂ ಯೋಚಿಸಿಯೇ ಮಾಡಿರುತ್ತಾರೆ. ಬಾಗಿಲು ಬಡಿದ ಸದ್ದು ಬಲಗಡೆ ಪುಟದ ಕೊನೆಗೆ ಬರುತ್ತದೆ. ಬಾಗಿಲಾಚೆ ಯಾರಿದ್ದಾರೆ ಅಂತ ಗೊತ್ತಾಗಬೇಕಾದರೆ ಮಗು ಪುಟ ಮಗುಚಲೇಬೇಕು.

ಇನ್ನು ಸಾಲು ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಆ ಪುಸ್ತಕ ಸಪ್ಪೆ. "ಅಜ್ಜಿ ಒಬ್ಬಳೇ ಸಂತೆಗೆ ಹೊರಟಳು" ಅಂತ ಸಾಲಿದೆ ಅಂದುಕೊಳ್ಳಿ. ಚಿತ್ರದಲ್ಲಿ ಬೇಲಿ ಮರೆಯಲ್ಲಿ ಬೆಕ್ಕೊಂದು ಅಜ್ಜಿಯ ಹಿಂದೆಯೇ ಬರುತ್ತಿದೆ. "ಒಬ್ಬಳೇ ಅಲ್ಲ, ಬೆಕ್ಕೂ ಇದೆ!" ಅಂತ ಕೂಗುವುದು ಮಗು. ಓದಿ ಹೇಳುವ ದೊಡ್ಡವರ ಕಣ್ಣು ಅಕ್ಷರದ ಮೇಲಿರುತ್ತದೆ, ಬೆಕ್ಕು ಕಾಣುವುದೇ ಇಲ್ಲ.

ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟದ ಲೈನ್ ಮನೆಗಳಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಈಗ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕುಟುಂಬಗಳು ಬರುತ್ತವೆ, ಅಲ್ವಾ? ಆ ಮಕ್ಕಳಿಗೆ ಕನ್ನಡ ಬರೋದಿಲ್ಲ, ಕ್ಲಾಸಿನಲ್ಲಿ ಸುಮ್ನೆ ಕೂತಿರುತ್ತವೆ. ಒಮ್ಮೆ ಒಂದಕ್ಷರವೂ ಇಲ್ಲದ ಚಿತ್ರಪುಸ್ತಕವನ್ನು ಎಲ್ಲರ ನಡುವೆ ಇಟ್ಟೆ. ಗಾಳಿಗೆ ಕೆಂಪು ಕೊಡೆ ಹಾರಿಹೋಗುವ ಕಥೆ. ಕೊಡೆ ಎಲ್ಲಿಗೆ ಹೋಯಿತು ಅಂತ ನಾವೆಲ್ಲ ಮುಂದಿನ ಪುಟಗಳಲ್ಲಿ ಹುಡುಕುತ್ತಿದ್ದೆವು. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಎದ್ದು ಬಂದು ಪುಟವನ್ನು ಹಿಂದಕ್ಕೆ ಮಗುಚಿದಳು. ಮನೆಯ ಹೆಂಚಿನ ಸಂದಿಯಲ್ಲಿ ಚೂರೇ ಚೂರು ಕೆಂಪು ಬಣ್ಣ ಕಾಣುತ್ತಿತ್ತು. ಅದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಅವತ್ತು ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದಿದ್ದು ಅವಳೇ.

ಕಾಮಿಕ್ಸಿನ ಹಾಗೆ ಚಿತ್ರಗಳಲ್ಲೇ ಉದ್ದದ ಕಥೆ ಹೇಳುವ ಗ್ರಾಫಿಕ್ ಕಾದಂಬರಿ ಎಲ್ಲಿಂದಲೋ ಬಂದದ್ದು, ನಮ್ಮದಲ್ಲ ಅನ್ನುವವರಿದ್ದಾರೆ. ಅವರು ಒಂದು ಸಲ ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋಗಿ ಬರಬೇಕು. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಸ್ಥಾನ ಅದು. ಮಂಟಪದ ಹೊರಗೋಡೆಯಲ್ಲಿ ಸಾಲಾಗಿ 140 ಚೌಕಟ್ಟುಗಳಲ್ಲಿ ಕಥೆ ಕೆತ್ತಿದ್ದಾರೆ. ದಕ್ಷಿಣದ ಕಡೆ 70 ಚೌಕಟ್ಟುಗಳಲ್ಲಿ ರಾಮಾಯಣ. ಉತ್ತರದ ಕಡೆ ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45. ವಿಶೇಷ ಅಂದರೆ, ರಾಮಾಯಣ ಅಪ್ರದಕ್ಷಿಣೆಯಾಗಿ ಸಾಗುತ್ತದೆ, ಉಳಿದವು ಪ್ರದಕ್ಷಿಣೆಯಾಗಿ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ಕಥೆ ತಲೆಕೆಳಗಾಗುತ್ತದೆ. ಮಾಂಗಾ ಅನ್ನುವ ಜಪಾನಿನ ಕಾಮಿಕ್ಸ್ ಪುಸ್ತಕಗಳನ್ನು ಬಲದಿಂದ ಎಡಕ್ಕೆ ಓದುವ ಹೈಸ್ಕೂಲ್ ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಅವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ನಮ್ಮ ಕಾಲದವರು ಕಾಮಿಕ್ಸ್ ಕಲಿತದ್ದು ಅಮರ ಚಿತ್ರಕಥೆಯಿಂದ. 1967ರಲ್ಲಿ ಅದನ್ನು ಶುರು ಮಾಡಿದ ಅನಂತ ಪೈ ಅವರು ಕಾರ್ಕಳದವರು. ಎಷ್ಟೋ ಮನೆಗಳಿಗೆ ಪುರಾಣ ತಲುಪಿದ್ದೇ ಆ ಪುಸ್ತಕಗಳಿಂದ. ಆದರೆ ದೇವರು, ರಾಜರು ಹೆಚ್ಚಾಗಿ ಬೆಳ್ಳಗೆ, ರಾಕ್ಷಸರು ಹೆಚ್ಚಾಗಿ ಕಪ್ಪಗೆ ಕಾಣುವ ಆ ಬಣ್ಣಗಾರಿಕೆಯನ್ನು ನಾನು ಒಪ್ಪೋದಿಲ್ಲ. ಚಿತ್ರ ಮಗುವಿನ ಮನಸ್ಸಿಗೆ ನೇರವಾಗಿ ಇಳಿಯುತ್ತದೆ. ಆದ್ದರಿಂದಲೇ ಇಂಥದ್ದನ್ನು ಕಂಡಾಗ ಮಕ್ಕಳ ಜೊತೆ ಕೂತು ಮಾತಾಡಬೇಕು.

ಹನ್ನೆರಡು, ಹದಿಮೂರು ವರ್ಷದ ಮಕ್ಕಳಿಗೆ ನಾನು ತೋರಿಸಲು ಇಷ್ಟಪಡುವ ಪುಸ್ತಕ 'ಭೀಮಾಯನ'. 2011ರಲ್ಲಿ ಬಂದದ್ದು, ಅಂಬೇಡ್ಕರ್ ಅವರ ಜೀವನದ ಕಥೆ. ಚಿತ್ರ ಬಿಡಿಸಿದವರು ಗೋಂಡ್ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಅದರಲ್ಲಿ ಮಾಮೂಲಿ ಕಾಮಿಕ್ಸಿನ ಚೌಕಗಳಿಲ್ಲ. ಪಾತ್ರದ ಮಾತು ಬರೆಯುವ ಗುಳ್ಳೆ, ಮಾತು ಮೃದುವಾಗಿದ್ದರೆ ಹಕ್ಕಿಯ ಆಕಾರದಲ್ಲಿದೆ. ಜಾತಿಯ ವಿಷ ಕಾರುವವರ ಮಾತಿನ ಗುಳ್ಳೆಗೆ ಚೇಳಿನ ಕೊಂಡಿ ಇದೆ. ಶಾಲೆಯಲ್ಲಿ ನೀರು ಮುಟ್ಟಲು ಬಿಡದಿದ್ದಾಗ ಬಾಲಕ ಭೀಮನಿಗೆ, ಅಂದರೆ ಚಿಕ್ಕ ಅಂಬೇಡ್ಕರ್ ಅವರಿಗೆ, ಆದ ಸಂಕಟ ಏನು ಅಂತ ಪಾಠದ ಪುಸ್ತಕದಲ್ಲಿ ಎರಡು ಪ್ಯಾರಾ ಓದಿಸಿದರೂ ಮಕ್ಕಳು ಪರೀಕ್ಷೆಗೆ ಬರೆದು ಮರೆಯುತ್ತಾರೆ. ಆ ಕೊಂಡಿಯನ್ನು ಮರೆಯೋದಿಲ್ಲ.

ಕನ್ನಡದಲ್ಲಿ ಬರುವ ಪುಸ್ತಕಗಳ ಬಗ್ಗೆ ನನಗೊಂದು ತಕರಾರಿದೆ. ಎಷ್ಟೋ ಕಡೆ ಇಂಗ್ಲಿಷಿಗೆ ಅಂತ ಬಿಟ್ಟ ಜಾಗದಲ್ಲೇ ಕನ್ನಡವನ್ನು ತುರುಕುತ್ತಾರೆ. ನಮ್ಮ ಪದಗಳು ಉದ್ದ, ಒತ್ತಕ್ಷರ ಬೇರೆ. ಅಕ್ಷರ ಸಣ್ಣದಾಗಿ, ಈಗಷ್ಟೇ ಓದಲು ಕಲಿತ ಮಗು ತಡವರಿಸುತ್ತದೆ. ಕನ್ನಡಕ್ಕೆ ಅಂತಲೇ ಪುಟ ಹೊಂದಿಸಿ ಕೊಡಿ ಅಂತ ಪ್ರಕಾಶಕರನ್ನು ಕೇಳಿಕೊಳ್ಳುತ್ತೇನೆ.

ದುಡ್ಡಿನ ಚಿಂತೆ ಇರುವವರಿಗೆ ದಾರಿಗಳಿವೆ. ಮಕ್ಕಳ ಪುಸ್ತಕ ತರುವ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಮೊಬೈಲಿನಲ್ಲೇ ಪುಕ್ಕಟೆ ಓದಬಹುದು. ಮಕ್ಕಳನ್ನು ಲೈಬ್ರರಿಗೆ ಕರೆತರುವ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಬಂದ ಮೇಲೆ ಗ್ರಾಮ ಪಂಚಾಯ್ತಿ ಲೈಬ್ರರಿಯಲ್ಲಿ ಮಕ್ಕಳಿಗೆ ಸದಸ್ಯತ್ವವೂ ಪುಕ್ಕಟೆ. ಅಲ್ಲಿ ಚಿತ್ರಪುಸ್ತಕ ಇಲ್ಲದಿದ್ದರೆ ತರಿಸಿ ಅಂತ ಕೇಳಿ.

ನನಗೊಂದು ಆಸೆಯೂ ಇದೆ. ಆಲೂರು, ಸಕಲೇಶಪುರದ ಊರುಗಳಲ್ಲಿ ಕಾಡಾನೆ ಬಂದ ರಾತ್ರಿಗಳ ಬಗ್ಗೆ ಒಂದು ಗ್ರಾಫಿಕ್ ಕಾದಂಬರಿ ಬರಬೇಕು. ತುಳಿದು ಹಾಳಾದ ಗದ್ದೆಯೂ ಅದರಲ್ಲಿರಬೇಕು, ದಾರಿ ತಪ್ಪಿದ ಮರಿಯಾನೆಯೂ ಇರಬೇಕು. ನಮ್ಮ ಜಿಲ್ಲೆಯವರೇ ಯಾರಾದರೂ ಅದನ್ನು ಬರೆದು, ಬಿಡಿಸಿ ತಂದರೆ, ಆನೆಯ ಹೆಜ್ಜೆ ಸರಿಯಾಗಿದೆಯಾ ಅಂತ ನೋಡಿ ಹೇಳಲು ನನ್ನ ನಾಲ್ಕನೇ ಕ್ಲಾಸಿನ ಮಕ್ಕಳು ತಯಾರಿದ್ದಾರೆ.

ನಮಸ್ಕಾರ.